ಗಣಿತದ ಮೇಡಂ ಹಗ್ಗ ಎಳೆಯಲಿಲ್ಲ

ರಾಮನಗರದ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದವರು ಹೈಸ್ಕೂಲಿನ ಗಣಿತದ ಮೇಡಂ. ಊರು ಯಲ್ಲಾಪುರದ ಕಾಡಿನ ಕಡೆ. ಸಿದ್ದಿ ಸಮುದಾಯದವರು; ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಗುಂಗುರು ಕೂದಲು, ಕಡುಗಪ್ಪು ಬಣ್ಣ. ಮೊದಲ ದಿನ ಹಾಲಿನವನು ಅವರೊಡನೆ ಹರಕು ಇಂಗ್ಲಿಷಿನಲ್ಲಿ ಮಾತಿಗಿಳಿದ. "ಅರ್ಧ ಲೀಟರ್ ಸಾಕು, ನೀರು ಬೆರೆಸಬೇಡಿ" ಎಂದು ಅವರು ಕನ್ನಡದಲ್ಲಿ ಹೇಳಿದಾಗ ಅವನು ನನ್ನತ್ತ ತಿರುಗಿ, "ಚೆನ್ನಾಗಿ ಕಲ್ತವ್ರೆ ಕಣಕ್ಕ" ಎಂದ. ಮೇಡಂ ನಕ್ಕು ಮೆಟ್ಟಿಲು ಹತ್ತಿದರು.

ನಮ್ಮ ಬೀದಿಯಲ್ಲೊಂದು ಮಹಿಳಾ ಸಂಘವಿದೆ. ಮಹಿಳಾ ದಿನಾಚರಣೆಗೆ ತಯಾರಿ ನಡೆಸುವ ಸಭೆಗೆ ನಾನು ಅವರನ್ನು ಕರೆದುಕೊಂಡು ಹೋದೆ. ಪಕ್ಕದ ತಾಲ್ಲೂಕುಗಳ ತಂಡಗಳೊಡನೆ ಹಗ್ಗಜಗ್ಗಾಟ ಆಡುವುದು ಪ್ರತಿವರ್ಷದ ರೂಢಿ, ಅದರಲ್ಲಿ ಸೋಲುವುದು ನಮ್ಮ ರೂಢಿ. ಸಂಘದ ಅಧ್ಯಕ್ಷೆ, ರೈತರ ಮನೆಯ ದೊಡ್ಡ ಗಂಟಲಿನ ಹೆಂಗಸು, ಮೇಡಂ ಅವರನ್ನು ಕಂಡದ್ದೇ ಅರಳಿದರು.

"ಈ ಸಲ ಕಪ್ ನಮ್ದೇ. ಇವ್ರನ್ನ ಹಗ್ಗದ ಕೊನೇಲಿ ನಿಲ್ಲಿಸ್ಬುಟ್ರೆ ಎದುರಿನೋರು ಅಲ್ಲಾಡಂಗಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ ತಟ್ಟಲಿಲ್ಲ. "ನಾನು ಹಗ್ಗ ಮುಟ್ಟಿದವಳೇ ಅಲ್ಲ. ಓಟದಲ್ಲಿ ಯಾವಾಗಲೂ ಕೊನೆ" ಎಂದರು.

"ನಿಮ್ಮೋರ ಮೈಯಾಗೇ ಶಕ್ತಿ ಐತಲ್ಲ? ಒಳ್ಳೇದೇ ತಾನೇ ನಾನ್ ಹೇಳಿದ್ದು."

"ಒಳ್ಳೆ ಮನಸ್ಸಿಂದಲೇ ಹೇಳಿದಿರಿ, ಗೊತ್ತು. ಶಾಲೆಯಲ್ಲೂ ನನ್ನ ಬಣ್ಣ ನೋಡಿ ಮೈದಾನಕ್ಕೇ ಅಟ್ಟುತ್ತಿದ್ದರು. ಲೆಕ್ಕ ಇಷ್ಟ ಅಂದರೆ ನಗುತ್ತಿದ್ದರು. ಇದು ಹೆಂಗಸರ ಸಂಘ ಅಂತ ಬಂದೆ. ನನಗೇನು ಇಷ್ಟ ಅಂತ ಒಂದು ಸಲ ಕೇಳಬಹುದಿತ್ತು."

ಅವರು ದನಿ ಏರಿಸಲಿಲ್ಲ. ಗೋಡೆಗೊರಗಿದ್ದ, ರೇಷ್ಮೆ ನೂಲು ತೆಗೆಯುವ ಮುಸ್ಲಿಂ ಗೆಳತಿ ಕೈ ಎತ್ತಿದಳು.

"ನನ್ನೂ ಯಾರೂ ಕೇಳಿಲ್ಲ. ವರ್ಷಾ ವರ್ಷಾ ಬಿರಿಯಾನಿ ಮಾಡ್ಕಂಡ್ ಬಾ ಅಂತೀರ. ನಂಗೆ ಅಡುಗೇನೇ ಬರಾಕಿಲ್ಲ."

"ಮತ್ತೆ ಇಷ್ಟು ದಿನ ನಾವ್ ತಿಂದಿದ್ದು?" ಅಧ್ಯಕ್ಷೆ ಕೇಳಿದರು.

"ಅದು ನಮ್ಮ ಯಜಮಾನ್ರು ಮಾಡಿದ್ದು. ನಾನ್ ಹೊತ್ಕಂಡ್ ಬತ್ತಿದ್ದೆ ಅಷ್ಟೇಯ."

ನಗು ಎಷ್ಟು ಜೋರಾಗಿತ್ತೆಂದರೆ ಎದುರು ಮನೆಯವರು ಕಿಟಕಿ ತೆರೆದರು. ಮೇಡಂ ಕಣ್ಣೊರೆಸಿಕೊಂಡು ನಗುತ್ತಿದ್ದರು. ಆ ನಗುವಿನ ನಡುವೆಯೇ, ದಲಿತ ಕಾಲೋನಿಯಿಂದ ಬರುವ ಹಿರಿಯಕ್ಕ ಮೆಲ್ಲಗೆ ಹೇಳಿದರು: "ಹಂಗಾರೆ ಪೊರಕೇನೂ ಈ ಸಲ ಬ್ಯಾರೇರು ಯಾರಾನ ಹಿಡ್ಕಳಿ."

ನಗು ನಿಂತಿತು. ಪ್ರತಿ ಕಾರ್ಯಕ್ರಮದಲ್ಲೂ ಮೈದಾನ ಗುಡಿಸಿದ್ದು ಅವರೇ. ಯಾರೂ ಗುಡಿಸು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಅಧ್ಯಕ್ಷೆ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, "ನಾನ್ ಗುಡಿಸ್ತೀನಿ ಬುಡಕ್ಕ. ನೀನ್ ಏನ್ ಮಾಡ್ತೀಯ ಹೇಳು" ಎಂದರು.

"ಏನೂ ಮಾಡಾಕಿಲ್ಲ. ಮುಂದ್ಗಡೆ ಕುರ್ಚಿ ಮ್ಯಾಲೆ ಕೂತ್ಕಂಡು ನೋಡ್ತೀನಿ."

ಮೇಡಂ ಕೇಳಿದ್ದು ಕಾರ್ಯಕ್ರಮ ನಡೆಸಿಕೊಡುವ ಮೈಕು. ರೇಷ್ಮೆಯ ಗೆಳತಿ ಹಗ್ಗದ ಕೊನೆಯ ಜಾಗ ಕೇಳಿದಳು.

ದಿನಾಚರಣೆಯ ಬೆಳಿಗ್ಗೆ ಅಧ್ಯಕ್ಷೆ ಸೆರಗು ಸಿಕ್ಕಿಸಿಕೊಂಡು ಅರ್ಧ ಮೈದಾನ ಗುಡಿಸುವಷ್ಟರಲ್ಲಿ ಸೊಂಟ ಹಿಡಿದು ಕೂತರು. ಉಳಿದರ್ಧ ನಾವು ಗುಡಿಸಿದೆವು. ಯಾರೋ ಮೇಡಂಗೆ, "ಒಸಿ ಪೌಡರ್ ಹಾಕ್ಕಳಿ, ಫೋಟೋದಾಗೆ ಬೆಳ್ಳಗೆ ಕಾಣ್ತೀರ" ಎಂದು ಡಬ್ಬಿ ಚಾಚಿದರು. "ಬೆಳ್ಳಗೆ ಕಂಡರೆ ನಮ್ಮಮ್ಮನಿಗೆ ಗುರುತು ಸಿಗಲ್ಲ" ಎಂದು ಅವರು ಕೆಂಪು ಬಿಂದಿ ಇಟ್ಟುಕೊಂಡು ವೇದಿಕೆ ಏರಿದರು.

ಅವರು ಮಾತು ಶುರುಮಾಡುತ್ತಿದ್ದಂತೆ ಹಿಂದಿನಿಂದ ಒಬ್ಬ "ಆಫ್ರಿಕಾ" ಎಂದು ಕೂಗಿದ. ಮೇಡಂ ಒಂದು ಕ್ಷಣ ತಡೆದರು. ಅಷ್ಟರಲ್ಲಿ ಮೊದಲ ಸಾಲಿನ ಕುರ್ಚಿಯಿಂದ ಹಿರಿಯಕ್ಕ ಎದ್ದು ತಿರುಗಿ ನಿಂತರು.

"ಅವ್ರು ನಮ್ಮ ಸಂಘದೋರು ಕಣಪ್ಪ. ಕೇಳಂಗಿದ್ರೆ ಕೂತ್ಕ, ಇಲ್ಲಾಂದ್ರೆ ಎದ್ದೋಗು."

ಅವನು ಕೂತ. ಮೇಡಂ ಬಿಟ್ಟಲ್ಲಿಂದ ಮುಂದುವರಿಸಿದರು. ದನಿ ಮೊದಲಿಗಿಂತ ಗಟ್ಟಿಯಾಗಿತ್ತು.

ಹಗ್ಗಜಗ್ಗಾಟದಲ್ಲಿ ನಮಗೆ ಎದುರಾದದ್ದು ಕೋಡಿಹಳ್ಳಿಯ ತಂಡ. ದಿನಾ ಎಮ್ಮೆ ಎಳೆದು ಕಟ್ಟುವ ಕೈಗಳವು. ರೇಷ್ಮೆಯ ಗೆಳತಿ ಹಗ್ಗವನ್ನು ಸೊಂಟಕ್ಕೆ ಸುತ್ತಿ ಹಿಮ್ಮಡಿ ಊರಿದಳು. ನಾವು ಅಂಗುಲವೂ ಕದಲಲಿಲ್ಲ, ಗೆದ್ದೇಬಿಟ್ಟೆವು ಅನ್ನಿಸಿತು. ಆಮೇಲೆ ನನ್ನ ಚಪ್ಪಲಿ ಜಾರಿತು. ಒಬ್ಬರ ಮೇಲೊಬ್ಬರು ಬಿದ್ದೆವು, ಅಧ್ಯಕ್ಷೆಯ ಮುಡಿಯ ಕನಕಾಂಬರ ನನ್ನ ಬಾಯಿಗೆ ಬಂತು. ಗೆದ್ದವರು ಯಾರೆಂದು ಮೇಡಂ ಹೇಳಬೇಕಿತ್ತು. ಮೈಕಿನಲ್ಲಿ ಬರೀ ಅವರ ನಗು ಕೇಳಿಸುತ್ತಿತ್ತು, ಮೈದಾನದ ಆಚೆ ಬಸ್ಸಿಗೆ ಕಾಯುತ್ತಿದ್ದವರೂ ನಗತೊಡಗಿದ್ದರು. ಕೋಡಿಹಳ್ಳಿಯ ಹೆಂಗಸರು ಹಗ್ಗ ಬಿಟ್ಟು ಓಡಿಬಂದು, ನಮ್ಮ ಕೈಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿದರು.