ಹುಳಿಗೆ ಬೆರೆಸಿದ ಪುಡಿ

ಮಾಗಡಿ ರಸ್ತೆಯ ಬಸ್ ನಿಲ್ದಾಣದ ಕಂಬಕ್ಕೆ ಮೊನ್ನೆ ಒಂದು ಹಳದಿ ಚೀಟಿ ಅಂಟಿಸಿದ್ದರು. ‘ಕುಡಿಯುವವರಿಗೆ ತಿಳಿಯದಂತ್ತೆ ಕುಡಿತ ಬಿಡಿಸಿ.’ ಆ ತಪ್ಪು ಒತ್ತಕ್ಷರ ಕಂಡು ನಿಂತುಬಿಟ್ಟೆ. ಮೇಷ್ಟ್ರು ಇದ್ದಿದ್ದರೆ ಜೇಬಿನಿಂದ ಪೆನ್ನು ತೆಗೆದು ತಿದ್ದಿಯೇ ಮುಂದೆ ಹೋಗುತ್ತಿದ್ದರು…

ಗೋವಿಂದರಾಜನಗರದಲ್ಲಿ ಅವರು ನಮ್ಮ ಮೇಲಿನ ಮನೆಯಲ್ಲಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನನ್ನ ಮಗಳ ಪ್ರಬಂಧಗಳನ್ನು ಮೆಟ್ಟಿಲ ಮೇಲೆ ಕೂತು ತಿದ್ದಿಕೊಡುತ್ತಿದ್ದರು. ಕುಡಿತ ಬೆಳಿಗ್ಗೆಯೇ ಶುರುವಾಗುತ್ತಿತ್ತು. ಕುಡಿಯದಿದ್ದರೆ ಕೈ ನಡುಗಿ ಪೆನ್ನು ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರ ಹೆಂಡತಿ ಸಣ್ಣ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು. “ನಾನು ಕೊಟ್ರೆ ಅನುಮಾನ ಪಡ್ತಾರೆ ಕಣೇ. ನಿನ್ನ ಹುಳಿ ಅಂದ್ರೆ ಕಣ್ಣು ಮುಚ್ಕೊಂಡು ತಿಂತಾರೆ. ಒಂದು ಚಿಟಿಕೆ, ಅಷ್ಟೇ.”

ಅದು ಏನು ಪುಡಿ ಎಂದು ನಾನು ಕೇಳಲಿಲ್ಲ.

ಪುಡಿ ಬೆರೆಸಿದ ಹುಳಿಯ ಬಟ್ಟಲು ಕೊಟ್ಟು ಬಂದು, ತಲೆಯ ಮೇಲಿನ ಹೆಜ್ಜೆ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ. ಸದ್ದು ನಿಂತರೆ ಮೆಟ್ಟಿಲ ತನಕ ಹೋಗಿ ನೋಡಿ ಬರುತ್ತಿದ್ದೆ. ಅವರು ಕುಡಿದಾಗಲೆಲ್ಲ ವಾಂತಿಯಾಗತೊಡಗಿತು. “ಏನಮ್ಮಾ, ಹುಳಿಗೆ ಮಂತ್ರಗಿಂತ್ರ ಹಾಕ್ತೀಯಾ? ಎಣ್ಣೆ ಒಳಗೇ ನಿಲ್ತಿಲ್ಲ,” ಎಂದು ಒಮ್ಮೆ ನಕ್ಕರು. ನಾನೂ ನಕ್ಕೆ.

“ಹಿಡೀತಾ ಇದೆ, ಇನ್ನೊಂಚೂರು ಹಾಕು,” ಎಂದರು ಅವರ ಹೆಂಡತಿ. ಹಾಕಿದೆ.

ಅಂದು ಸಂಜೆ ಮೇಷ್ಟ್ರು ಮುಖವೆಲ್ಲ ಕೆಂಪಾಗಿ, ಉಸಿರು ಸಿಗದೆ ಮೆಟ್ಟಿಲ ಮೇಲೆ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಮಾತ್ರೆ, ಪುಡಿ ಏನಾದ್ರೂ ಕೊಟ್ಟಿದ್ರಾ? ಬೇಗ ಹೇಳಿ.” ಅವರ ಹೆಂಡತಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಹೇಳಿದೆ. ಮಂಚದ ಮೇಲಿದ್ದ ಮೇಷ್ಟ್ರಿಗೂ ಕೇಳಿಸಿತು.

ಅವರು ಬದುಕಿದರು. ಕುಡಿತವೂ ಒಂದು ಕಾಯಿಲೆ, ಅದಕ್ಕೆ ಒಳ್ಳೆಯ ಔಷಧಗಳಿವೆ, ಆದರೆ ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆಯೇ ಕೊಡಬೇಕು ಎಂದರು ಡಾಕ್ಟರು. ಮೇಷ್ಟ್ರು ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು, “ಕೇಳಿದ್ರೆ ನಾನೇ ನುಂಗ್ತಿದ್ನಲ್ಲಮ್ಮ.”

ಆದರೆ ಆಮೇಲೆ ಅವರು ಏನನ್ನೂ ನುಂಗಲಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಪಕ್ಕಕ್ಕಿಡುತ್ತಿದ್ದರು. ಮನೆಯ ಅನ್ನಕ್ಕೂ ಹೆದರಿದರು. ಸೀಲ್ ಒಡೆಯದ ಬಾಟಲಿಯೊಂದನ್ನು ಮಾತ್ರ ನಂಬಿದರು.

ಮರುವರ್ಷ ಲಿವರ್ ಕೈಕೊಟ್ಟಿತು. ಕೊನೆಯ ದಿನಗಳಲ್ಲಿ ವಾರ್ಡಿಗೆ ಹೋದಾಗ ನೀರು ಕೇಳಿದರು. ಲೋಟ ಹಿಡಿದೆ. ಒಣಗಿದ ತುಟಿಗಳು ಲೋಟದ ತನಕ ಬಂದು ನಿಂತವು.

“ನೀನು ಮೊದಲು ಕುಡಿಯಮ್ಮ.”

ಕುಡಿದೆ. ನನ್ನ ಗಂಟಲನ್ನೇ ನೋಡುತ್ತಿದ್ದರು… ಆಮೇಲೆ ಲೋಟ ತೆಗೆದುಕೊಂಡರು.

ಮೇಲಿನ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಒಳ್ಳೆಯ ಜನ, ಆಗಾಗ ಏನಾದರೂ ಮಾಡಿ ಕಳಿಸುತ್ತಾರೆ. ಅವರ ಬಟ್ಟಲನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಹಿಂದಿರುಗಿಸುತ್ತೇನೆ.