ಹದಿನೆಂಟರ ಮುಂದಿನ ಅಂಕಿ

ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಎದುರು ರೀಚಾರ್ಜ್ ಅಂಗಡಿ ಇಟ್ಟಿದ್ದ ಕಾಕಾ ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ ಮಾತು ಒಂದೇ: "ಫೋನ್ ನಂಬರಿನ್ಯಾಗ ಹದಿನೆಂಟ್ರ ಮುಂದ ಏನದ ನೋಡ್ರಿ. ಎರಡು ಸೊನ್ನಿ ಇದ್ರ ಫುಕಟ್, ಆರು ಬಂತಂದ್ರ ಬ್ಯಾಲೆನ್ಸ್ ಕಟ್." ಹೇಳುವಾಗ ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ಬಸ್ಸಿಗೆ ಕಾಯುತ್ತ ಅಲ್ಲೇ ನಿಲ್ಲುತ್ತಿದ್ದ ನನಗೆ ಅದು ಕೇಳಿ ಕೇಳಿ ಸಾಕಾಗಿತ್ತು.

ಒಂದು ಮಧ್ಯಾಹ್ನ ದುಬಲಗುಂಡಿಯ ಕೂಲಿ ಹೆಂಗಸೊಬ್ಬಳು ಫೋನ್ ಹಿಡಿದು ಬಂದಳು. ಮಗಳು ಹೆರಿಗೆಗೆಂದು ಹುಮನಾಬಾದಿನ ಆಸ್ಪತ್ರೆಯಲ್ಲಿದ್ದಳು. ಗಾಬರಿಯಲ್ಲಿ ಈಕೆ ಇದೇ ಅಂಗಡಿಯ ಪೋಸ್ಟರಿನಲ್ಲಿದ್ದ 'ಉಚಿತ ಆರೋಗ್ಯ ಸಲಹೆ'ಯ ನಂಬರಿಗೆ ಫೋನ್ ಹಚ್ಚಿದ್ದಳು.

"ಫುಕಟ್ ಅಂತ ಬರ್ದಾರಲ್ರಿ ಅಣ್ಣಾ. ಬರೀ ಹಾಡು ಹಾಡ್ತು, ಯಾರೂ ಮಾತಾಡ್ಲಿಲ್ಲ. ಈಗ ಮಗಳಿಗಿ ಹಚ್ಚಿದ್ರ ಫೋನ್ ಹೋಗವಲ್ದು."

ಎಂದಿನ ಮಾತಿಗೆ ಬಾಯಿ ತೆರೆದ ಕಾಕಾ ಗೋಡೆಯ ಪೋಸ್ಟರಿನತ್ತ ತಿರುಗಿದರು. ಆ ಪೋಸ್ಟರನ್ನು ಓದದೆ ಹಚ್ಚಿದವರು ಅವರೇ. ಹದಿನೆಂಟರ ಮುಂದೆ ಆರಿತ್ತು. ಕರೆಯ ದರದ ಸಾಲು ತೀರ ಕೆಳಗೆ, ಇರುವೆಯಂಥ ಅಕ್ಷರಗಳಲ್ಲಿತ್ತು. ತಮ್ಮ ಫೋನನ್ನೇ ಆಕೆಯ ಕೈಗಿಟ್ಟು, "ಮೊದಲ ಮಗಳ ಜೋಡಿ ಮಾತಾಡವ್ವಾ" ಎಂದರು.

ಆಕೆ ಅಜ್ಜಿಯಾಗಿ ಆಗಲೇ ಒಂದು ತಾಸಾಗಿತ್ತು.

ಮರುದಿನ ನೋಡಿದರೆ ಪೋಸ್ಟರ್ ತಲೆಕೆಳಗಾಗಿತ್ತು. ದರದ ಸಾಲು ಎಲ್ಲಕ್ಕಿಂತ ಮೇಲೆ ಬಂದಿತ್ತು, ಅದರಡಿ ಕೆಂಪು ಗೆರೆ. ಬಂದವರೆಲ್ಲ ಕತ್ತು ವಾಲಿಸಿ ಮೊದಲು ಅದನ್ನೇ ಓದುತ್ತಿದ್ದರು. ಪೋಸ್ಟರ್ ಕೊಟ್ಟಿದ್ದ ಕಂಪನಿಯ ಏಜೆಂಟ್ ಬಂದು ರೇಗಿದ: "ಏನ್ರಿ ಕಾಕಾ ಇದು, ಉಲ್ಟಾ ಹಚ್ಚೀರಿ?"

ಕನ್ನಡಕ ಹಣೆಗೇರಿತು.

"ಉಲ್ಟಾ ನೀವು ಛಾಪ್ಸೀರಿ. ನಾ ಸೀದಾ ಹಚ್ಚೀನಿ."