ಹನ್ನೆರಡನೆಯ ಆನೆಪಟ

ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ಬಂಡಳ್ಳಿಯಿಂದ ಒಬ್ಬರು ಬಂದರು. ಪುಟ್ಟಸ್ವಾಮಿ ಅಂತ ಹೆಸರು, ಮೂವತ್ತೈದರ ಆಸುಪಾಸು. ತಾಯಿ ತೀರಿಕೊಂಡು ವರ್ಷ ತುಂಬುತ್ತಿದೆಯಂತೆ, ಫೋನಿನಲ್ಲಿರುವ ಪಟ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡಬೇಕಂತೆ. ಕೊಳ್ಳೇಗಾಲದಲ್ಲಿ ಮೂವತ್ತು ವರ್ಷದಿಂದ ನನ್ನದು ಇದೇ ಕೆಲಸ. ಬದುಕಿರುವಾಗ ಪಾಸ್‌ಪೋರ್ಟ್ ಸೈಜು, ಹೋದಮೇಲೆ ದೊಡ್ಡ ಸೈಜು.

ಪಟವನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಹಿಂದಿನ ಗೋಡೆ ಅಳಿಸೋಣವೆಂದು ಹಿಗ್ಗಿಸಿ ನೋಡಿದೆ. ಮಾದಪ್ಪನ ಕ್ಯಾಲೆಂಡರ್ ಪಕ್ಕದಲ್ಲಿ ಒಂದು ಹಾಳೆ, ಹಾಳೆಯಲ್ಲಿ ಎರಡು ಆನೆ, ಮುಖಾಮುಖಿ.

ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಏಳು ವರ್ಷದಿಂದ ನಾನು ಹುಡುಕುತ್ತಿದ್ದ ಹಾಳೆ ಅದು. ‘ತಾಯಿ ಹೇಗೆ ಹೋದರು?’ ಎಂದು ಕೇಳಬೇಕು. ಅದರ ಬದಲು “ಕೂತ್ಕಳಿ, ಟೀ ತರುಸ್ತೀನಿ” ಅಂದೆ. ಟೀ ಬರುವಷ್ಟರಲ್ಲಿ ನಿಮಗಾದರೂ ಹೇಳಿಬಿಡುತ್ತೇನೆ.

ಆ ವರ್ಷ ಹನೂರು ಕಡೆ ಆನೆಗಳ ಗುರುತು ಹಿಡಿಯುವ ಸರ್ವೆಗೆಂದು ಒಬ್ಬ ಮೇಡಂ ಬಂದಿದ್ದರು. ಸಾವಿರಾರು ಫೋಟೊ ವಿಂಗಡಿಸಲು ಆಳು ಬೇಕಿತ್ತು, ನಾನು ಸಿಕ್ಕಿದೆ. ಮೊದಲ ದಿನವೇ ಅವರು ತಿಮಿಂಗಿಲದ ಬಾಲಗಳ ಫೋಟೊ ತೋರಿಸಿದರು. ಸಮುದ್ರದಲ್ಲಿ ಬಾಲದ ಅಂಚಿನ ಕಚ್ಚು ನೋಡಿಯೇ ಇದು ಇಂಥದ್ದೇ ತಿಮಿಂಗಿಲ ಅನ್ನುತ್ತಾರಂತೆ. ನಮ್ಮ ಆನೆಗಳಿಗೆ ಬಾಲದ ಬದಲು ಕಿವಿ. ನನಗೋ ಹೆಮ್ಮೆಯೇ ಹೆಮ್ಮೆ. ಜೀವಮಾನವೆಲ್ಲ “ಕಿವಿ ಕಾಣ್ಬೇಕು, ಕೂದ್ಲು ಹಿಂದಕ್ಕೆ ಹಾಕಮ್ಮ” ಎಂದು ಕೂಗಿದವನಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೇನಿದೆ?

ನಮಗೆ ದಾರಿ ತೋರಿಸಲು ಕೇತೇಗೌಡ ಅಂತ ಬೆಟ್ಟದ ಸೋಲಿಗರವನು, ಕಾಡಿನ ವಾಚರ್. ಅವನಿಗೆ ಫೋಟೊ ಬೇಕಿರಲಿಲ್ಲ, ನಿಂತ ಠೀವಿಯಲ್ಲೇ ಆನೆಯ ಹೆಸರು ಹೇಳುತ್ತಿದ್ದ. ಲೊಕ್ಕನಹಳ್ಳಿ ಸುತ್ತ ತಿರುಗುವ ಎರಡು ಸಲಗಗಳನ್ನು ತೋರಿಸಿಕೊಟ್ಟವನೂ ಅವನೇ. ಒಂದೇ ಎತ್ತರ, ಒಂದೇ ಥರ ದಂತ. ಎಡಗಿವಿ ಹರಿದದ್ದು ಸಾಧು. ಬಲಗಿವಿ ಹರಿದದ್ದು ಸಿಡುಕ. ಸದ್ದಾದರೆ ಸಾಧು ಕಾಡಿಗೆ ತಿರುಗುತ್ತದೆ, ಸಿಡುಕ ಸದ್ದಿನ ಮೇಲೇ ಬರುತ್ತದೆ.

“ಸಾಧುಗೆ ತಟ್ಟೆ ಬಡಿ, ಸಿಡುಕಂಗೆ ಉಸ್ರೂ ಬುಡ್ಬೇಡ. ಅಷ್ಟೇಯ ಸಾ” ಅಂದಿದ್ದ ಕೇತೇಗೌಡ.

ಈ ಮಾತನ್ನು ಅಚ್ಚು ಹಾಕಿಸಿ ಹಳ್ಳಿಹಳ್ಳಿಗೆ ಕೊಡೋಣ ಎಂಬ ಬುದ್ಧಿ ಹೊಳೆದದ್ದು ನನಗೆ. ಮೇಡಂ ಅಷ್ಟರಲ್ಲಿ ಕೆಲಸ ಮುಗಿಸಿ ಹೊರಟುಹೋಗಿದ್ದರು. ಎರಡು ಫೋಟೊ ಪಕ್ಕಪಕ್ಕ ಇಟ್ಟೆ. ಎರಡೂ ಹೊರಕ್ಕೆ ಮುಖ ಮಾಡಿದ್ದವು, ಮುನಿಸಿಕೊಂಡ ಗಂಡ ಹೆಂಡಿರ ಹಾಗೆ. ಮದುವೆ ಆಲ್ಬಮ್ಮಿನಲ್ಲಿ ನಮ್ಮದೊಂದು ನಿಯಮ: ಮುಖಗಳು ಹಾಳೆಯ ಒಳಕ್ಕೆ ನೋಡಬೇಕು. ಹೊರಕ್ಕೆ ನೋಡಿದರೆ ಹೆಣ್ಣಿನ ಕಡೆಯವರು ಅಪಶಕುನ ಅನ್ನುತ್ತಾರೆ. ಅದಕ್ಕೆ ಫೋಟೊವನ್ನೇ ಎಡಬಲ ತಿರುಗಿಸಿ ಕೂರಿಸುತ್ತೇವೆ. ಸಾವಿರ ಮದುಮಕ್ಕಳನ್ನು ತಿರುಗಿಸಿದ ಕೈ, ಯೋಚನೆಯೇ ಇಲ್ಲದೆ ಎರಡು ಆನೆಗಳನ್ನೂ ತಿರುಗಿಸಿಬಿಟ್ಟಿತು. ಸಾಧುವಿನ ಎಡಗಿವಿ ಬಲಗಿವಿಯಾಯಿತು, ಸಿಡುಕನ ಬಲಗಿವಿ ಎಡಗಿವಿಯಾಯಿತು. ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಅದರ ಕೆಳಗೆ ಕೇತೇಗೌಡನ ಮಾತು. ಬಹಳ ಚೆನ್ನಾಗಿ ಬಂದಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹನ್ನೆರಡು ಪ್ರತಿ. ಮೊದಲನೆಯದು ನಮ್ಮಕ್ಕ ಶಿವಮ್ಮನಿಗೆ. ಅವಳನ್ನು ಲೊಕ್ಕನಹಳ್ಳಿಗೆ ಕೊಟ್ಟಿದೆ, ಅವರ ಹೊಲ ದಾಟಿದರೆ ಕಾಡು.

ಇಪ್ಪತ್ತು ದಿನ ಕಳೆದಿರಬೇಕು. ಯಾವುದೋ ಕಾರ್ಡಿಗೆ ಫೋಟೊ ಬೇಕೆಂದು ಕೇತೇಗೌಡ ಬೆಳಿಗ್ಗೆಯೇ ಸ್ಟುಡಿಯೋಗೆ ಬಂದ. ಗೋಡೆಯ ಮೇಲಿದ್ದ ಹಾಳೆ ನೋಡಿದ. ಹತ್ತಿರ ಹೋಗಿ ಮತ್ತೆ ನೋಡಿದ.

“ಇವ್ಯಾವ ಆನೆ ಸಾ? ನಮ್ ಕಾಡಲ್ಲಿ ಇವಿಲ್ಲ.”

“ಏಯ್, ಸಾಧು, ಸಿಡುಕ ಕಣಯ್ಯ.”

“ಸಾಧುಗೆ ಅರ್ದಿರದು ಈ ಕಿವಿ” ಎಂದು ತನ್ನ ಎಡಗಿವಿ ಹಿಡಿದುಕೊಂಡ.

ಆನೆಗಳನ್ನು ತಿರುಗಿಸಿದ್ದು ಆಗ ನೆನಪಾಯಿತು. ತಕ್ಷಣ ಭಾವನಿಗೆ ಫೋನ್ ಮಾಡಿದೆ. ಭಾವ ನಗುತ್ತಲೇ ಮಾತಾಡಿದರು: “ಜ್ವಾಳದ ಒಲದಲ್ಲಿ ಆನೆ ನಿಂತದೆ ಕಣಪ್ಪ. ನಿಮ್ಮಕ್ಕ ತಟ್ಟೆ ತಕಂಡು ಓಗವ್ಳೆ. ಎದ್ರಿಕೆ ಯಾಕೆ, ಸಾಧು ಅದು. ನಿನ್ ಪಟದಲ್ಲಿ ಕಿವಿ ನೋಡ್ಕಂಡೇ ಓದ್ಲು.”

“ವಾಪಸ್ ಕರೀರಿ ಭಾವ! ಓಡಿ!” ಎಂದು ಕಿರುಚಿದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿತ್ತು.

ಕೇತೇಗೌಡನನ್ನು ಹಿಂದೆ ಕೂರಿಸಿಕೊಂಡು ಬೈಕ್ ಓಡಿಸಿದೆ. ಆ ದಾರಿಯ ಒಂದು ಮರವೂ ನನಗೆ ನೆನಪಿಲ್ಲ. ನೆನಪಿರುವುದು ಒಂದೇ: ಕಿವಿಯಲ್ಲಿ ಅಕ್ಕ ತಟ್ಟೆ ಬಡಿಯುವ ಸದ್ದು. ನಿಲ್ಲಿಸೇ ತಾಯಿ, ನಿಲ್ಲಿಸೇ ಎಂದು ಗೊಣಗುತ್ತಲೇ ಹೋದೆ. ಎದುರಿಗೆ ಬಂದ ಪ್ರತಿ ಗಾಡಿಯಲ್ಲೂ ಅವಳನ್ನೇ ತರುತ್ತಿದ್ದಾರೇನೋ ಎಂದು ಇಣುಕಿ ನೋಡಿದೆ.

ಅಕ್ಕ ಬದುಕಿದ್ದಳು. ಓಡುವಾಗ, ಆನೆ ತಡೆಯಲು ತೋಡಿದ ಕಂದಕಕ್ಕೆ ಬಿದ್ದಿದ್ದಳು, ಉಳಿಸಿದ್ದೂ ಅದೇ. ಆನೆ ಮೇಲೆ ನಿಂತು ಮಣ್ಣು ತೂರಿ, ಬೇಸತ್ತು ಹೊರಟುಹೋಯಿತಂತೆ. ಮಂಡಿ ಮಾತ್ರ ಪುಡಿಯಾಗಿತ್ತು. ಮಂಚದ ಮೇಲೆ ಮಲಗಿದ್ದವಳು ನನ್ನ ಕೈ ಹಿಡಿದುಕೊಂಡಳು.

“ಸಾಧುನೇ ನನ್ ಮ್ಯಾಲೆ ಬಂದ ಕಣ್ಲಾ. ಊರ್ಗೆಲ್ಲ ಸಾಧು, ನಂಗೆ ಮಾತ್ರ ಯಾಕ್ಲಾ ಇಂಗೆ? ನಾನೇನೋ ತಪ್ಪು ಮಾಡಿವ್ನಿ. ಮಾದಪ್ಪಂಗೆ ಗೊತ್ತಾಗ್ಬುಟ್ಟದೆ.”

ಬಾಯಿ ತೆರೆದೆ. ಸುತ್ತ ಭಾವ, ಅವರ ಅಣ್ಣತಮ್ಮಂದಿರು, ಅರ್ಧ ಊರು. ಕೇತೇಗೌಡ ನನ್ನ ಮುಖವನ್ನೇ ನೋಡುತ್ತಿದ್ದ. “ತುಂಬಾ ನೋವಾಕ್ಕ?” ಅಂದೆ. ಅಷ್ಟೇ ಬಂತು, ಹೇಡಿಯ ಬಾಯಿಂದ. ಆಮೇಲೆ ಕೇತೇಗೌಡ ನನ್ನ ಸ್ಟುಡಿಯೋಗೆ ಕಾಲಿಡಲಿಲ್ಲ.

ಬಣ್ಣ ಸರಿ ಬಂದಿಲ್ಲ, ಹೊಸದು ಕೊಡ್ತೀನಿ ಎಂದು ಸುಳ್ಳು ಹೇಳಿ ಹಾಳೆಗಳನ್ನು ವಾಪಸು ತಂದೆ. ಸ್ಟುಡಿಯೋ ಗೋಡೆಯದೂ ಸೇರಿ ಹನ್ನೊಂದು ಸಿಕ್ಕವು. ಬಂಡಳ್ಳಿಯ ಟೀ ಅಂಗಡಿಯಲ್ಲಿ ಕೊಟ್ಟದ್ದನ್ನು ಯಾರೋ ಕೇಳಿ ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ಪೇಪರಿನಲ್ಲಿ ‘ಆನೆ ದಾಳಿ’ ಅಂತ ಕಂಡರೆ ಮೊದಲು ಊರಿನ ಹೆಸರು ನೋಡುತ್ತೇನೆ. ಬಂಡಳ್ಳಿ ಅಲ್ಲ ಅಂತಾದ ಮೇಲೆ ಸತ್ತವರಿಗಾಗಿ ಅಯ್ಯೋ ಅನ್ನುತ್ತೇನೆ. ಅಕ್ಕನೋ, ವರ್ಷವರ್ಷ ಕುಂಟುತ್ತಾ ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ತಪ್ಪುಕಾಣಿಕೆ ಹಾಕಿ ಬರುತ್ತಾಳೆ. ಬಸ್ಸು ಹತ್ತಿಸುವವನು ನಾನೇ. ಒಂದು ಸಲ ಕಾಣಿಕೆಗೆ ಚಿಲ್ಲರೆಯನ್ನೂ ಕೊಟ್ಟೆ ಅಂದರೆ ನನ್ನ ಯೋಗ್ಯತೆ ನೀವೇ ತಿಳಿದುಕೊಳ್ಳಿ.

ಟೀ ಬಂತು. ಪುಟ್ಟಸ್ವಾಮಿ ಕುಡಿಯತೊಡಗಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

“ಅಮ್ಮಂಗೆ... ಏನಾಗಿತ್ತು?”

“ಸಕ್ಕರೆ ಕಾಯ್ಲೆ ಸಾ. ಕಾಲು ಕೊಳ್ತೋಗಿತ್ತು.”

ಸದ್ಯ, ಆನೆಯಲ್ಲ. ಇನ್ನೊಬ್ಬರ ತಾಯಿಯ ಸಾವು ಕೇಳಿ ಸಮಾಧಾನಪಟ್ಟೆನಲ್ಲ ಎಂದು ಆ ಕ್ಷಣದಲ್ಲೇ ನಾಚಿಕೆಯೂ ಆಯಿತು.

“ಗೋಡೆ ಮೇಲಿನ ಈ ಆನೆ ಪಟ ಇನ್ನೂ ಅದಾ?”

“ಅದೆ ಸಾ. ನಮ್ ಹೆಂಡ್ರು ದಿನಾ ಅದ ನೋಡ್ಕಂಡೇ ಒಲಕ್ಕೆ ಓಗದು.”

“ಈಗ್ಲೇ ಮನೆಗೆ ಫೋನ್ ಮಾಡಪ್ಪ. ಆ ಪಟ ಅದ್ಲುಬದ್ಲಾಗ್ಬಿಟ್ಟದೆ. ಎಡಗಿವಿ ಹರಿದಿರೋದೇ ಸಾಧು, ಬಲಗಿವಿ ಹರಿದಿರೋದು ಸಿಡುಕ. ತಪ್ಪು ಮಾಡ್ದೋನು ನಾನು.”

ಅವರು ಲೋಟ ಕೆಳಗಿಟ್ಟರು. “ಯಾವತ್ನಿಂದ ಗೊತ್ತು ನಿಮ್ಗೆ?”

“ಏಳು ವರ್ಷ.”

ಅವರು ಬೈಯಲಿಲ್ಲ. ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿ, ಅದನ್ನು ಕಿತ್ತು ಒಲೆಗಾಕು ಎಂದು ಮೂರು ಸಲ ಹೇಳಿದರು. ಮತ್ತೆ ಒಳಗೆ ಬರಲಿಲ್ಲ. ತಾಯಿಯ ಪಟ ನನ್ನ ಕಂಪ್ಯೂಟರಿನಲ್ಲೇ ಉಳಿಯಿತು.

ಬಾಗಿಲು ಮುಂದಕ್ಕೆ ಮಾಡಿ ಅಕ್ಕನಿಗೆ ಫೋನ್ ಮಾಡಿದೆ. ಸಿಡುಕನ ಎದುರು ನಿಂತಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

“ಅಕ್ಕಾ, ಅವತ್ತು ನಿನ್ ಮೇಲೆ ಬಂದದ್ದು ಸಾಧು ಅಲ್ಲ, ಸಿಡುಕ. ನಾನೇ ಪಟ ತಿರುಗಿಸಿ ಅಚ್ಚು ಹಾಕಿಸ್ಬಿಟ್ಟಿದ್ದೆ. ಗೊತ್ತಿದ್ದೂ ಹೇಳ್ಲಿಲ್ಲ.”

ಅವಳ ಬೈಗುಳ ನನಗೆ ಗೊತ್ತು, ತಲೆ ತಗ್ಗಿಸಿ ಕಾದೆ. ಅವಳು ಸಣ್ಣ ದನಿಯಲ್ಲಿ ಕೇಳಿದಳು:

“ಅಂಗಾರೆ, ನಾನೇನೂ ತಪ್ಪು ಮಾಡಿರ್ನಿಲ್ವೇನ್ಲಾ?”